ಬಯಲಾಟದಂಥ ಸಿನಿಮಾ, ತಾಳಮದ್ದಳೆಯಂಥ ಪುಸ್ತಕ: ಎರಡು ‘ವರ್ಲ್ಡ್ ವಾರ್ ಝಡ್’

ನಾನು ಮೊದಲು ನೋಡಿದ್ದು ಸಿನಿಮಾ. 2013ರಲ್ಲಿ, ಕಾಸರಗೋಡಿನ ನಮ್ಮ ಬದಿಯಡ್ಕದಿಂದ ಬಸ್ಸು ಹಿಡಿದು ಭಾವನ ಜೊತೆ ಮಂಗಳೂರಿಗೆ ಹೋಗಿ ನೋಡಿದ್ದು. ಪುಸ್ತಕ ಕೈಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ದುಬೈಯಲ್ಲಿರುವ ಚಿಕ್ಕಮ್ಮನ ಮಗ ರಜೆಗೆ ಬಂದವನು ಬಿಟ್ಟುಹೋಗಿದ್ದ. ಈ ಸಲ ಆಟಿಯ ಮಳೆಗೆ ಅಂಗಳಕ್ಕೆ ಇಳಿಯಲೂ ಆಗದಿದ್ದಾಗ ಎರಡನ್ನೂ ಒಟ್ಟಿಗೆ ಹಿಡಿದೆ. ಐದು ರಾತ್ರಿ ಪುಸ್ತಕ, ಆರನೆಯ ರಾತ್ರಿ ಸಿನಿಮಾ.

ಕಾದಂಬರಿ ಮ್ಯಾಕ್ಸ್ ಬ್ರೂಕ್ಸ್ ಬರೆದದ್ದು, 2006ರದ್ದು. ಸಿನಿಮಾ ಮಾರ್ಕ್ ಫೋರ್ಸ್ಟರ್ ನಿರ್ದೇಶನದ್ದು, ಬ್ರಾಡ್ ಪಿಟ್ ನಾಯಕ. ಎರಡರಲ್ಲೂ ಝಾಂಬಿಗಳು, ಅಂದರೆ ಸತ್ತ ಮೇಲೂ ಎದ್ದು ತಿರುಗುವವರು, ಕಚ್ಚುತ್ತಾರೆ, ಕಚ್ಚಿಸಿಕೊಂಡವರು ಝಾಂಬಿಗಳಾಗುತ್ತಾರೆ, ಲೋಕ ಕುಸಿಯುತ್ತದೆ. ಹೆಸರು ಮತ್ತು ಇಷ್ಟು ಸಂಗತಿ ಬಿಟ್ಟರೆ ಒಂದನ್ನು ನೋಡಿದವರಿಗೆ ಇನ್ನೊಂದರ ಗುರುತೇ ಸಿಗದು.

ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಗೊತ್ತಾಗುತ್ತದೆ. ಸಿನಿಮಾ ಬಯಲಾಟದ ಹಾಗೆ. ಚೆಂಡೆ, ವೇಷ, ಪ್ರವೇಶ, ಯುದ್ಧ ಎಲ್ಲ ಕಣ್ಣೆದುರೇ ಆಗಬೇಕು. ಪುಸ್ತಕ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಕೂತು ಮಾತಾಡುತ್ತಾರೆ, ಆ ಮಾತಿನಲ್ಲೇ ರಣರಂಗ ಏಳುತ್ತದೆ. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಗಾಗಿ ವರದಿ ಬರೆಯುವವನೊಬ್ಬ ದೇಶದೇಶ ಸುತ್ತಿ ಉಳಿದವರ ಮಾತು ಕೇಳುತ್ತಾನೆ. ವರದಿಯಲ್ಲಿ ಅಂಕಿ ಅಂಶ ಇಟ್ಟುಕೊಂಡು ಜನರ ಕಥೆಗಳನ್ನು ತೆಗೆದುಹಾಕುತ್ತಾರೆ. ಹಾಗೆ ಬಿಟ್ಟುಹೋದ ಕಥೆಗಳದ್ದೇ ಈ ಪುಸ್ತಕ.

ಸಿನಿಮಾದ ಮೊದಲ ಭಾಗ ನನಗೆ ಈಗಲೂ ಇಷ್ಟ. ಫಿಲಡೆಲ್ಫಿಯಾದಲ್ಲಿ ಟ್ರಾಫಿಕ್ ನಿಂತಿದೆ, ಕಾರಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಮ್ಮೆಲೇ ಎಲ್ಲರೂ ಓಡತೊಡಗುತ್ತಾರೆ. ಕಚ್ಚಿಸಿಕೊಂಡವನು 12 ಸೆಕೆಂಡಿನಲ್ಲಿ ಝಾಂಬಿ. ಅದನ್ನು ನಾಯಕ ಲೆಕ್ಕ ಹಿಡಿಯುವುದು ಅಂಕಿ ಎಣಿಸುವ ಆಟಿಕೆಯೊಂದರ ದನಿಯಿಂದ. ಆಮೇಲೆ ಬಾಯಿಗೆ ರಕ್ತ ಹೋಯಿತೋ ಏನೋ ಅಂತ ಮಹಡಿಯ ಅಂಚಿನಲ್ಲಿ ನಿಂತು ತಾನೇ ಎಣಿಸುತ್ತಾನೆ. ತಾನು ಬದಲಾದರೆ ಕೆಳಗೆ ಹಾರಿಬಿಡಬೇಕು, ಮಕ್ಕಳ ಮೇಲೆ ಬೀಳಬಾರದು ಅಂತ. ಅಪ್ಪನಾದ ಮೇಲೆ ಈ ದೃಶ್ಯ ನೋಡುವಾಗ ನನ್ನ ಕೈ ಬೆವರಿತು.

ಪುಸ್ತಕದ ಝಾಂಬಿಗಳು ಓಡುವುದಿಲ್ಲ, ನಿಧಾನಕ್ಕೆ ನಡೆಯುತ್ತಾರೆ. ಭಾವನಿಗೆ ಇದು ಹಿಡಿಸಲಿಲ್ಲ. “ನಡೆದು ಬರುವವನಿಗೆ ಎಂತ ಹೆದರುವುದು ಮಾರಾಯ, ಓಡಿದರಾಯಿತಲ್ಲ?” ಅಂದರು. ಓಡಬಹುದು ಭಾವ, ಆದರೆ ಎಷ್ಟು ದಿನ? ಅವರಿಗೆ ನಿದ್ದೆ ಬೇಡ, ಹೆದರಿಕೆ ಇಲ್ಲ. ಯಾಂಕರ್ಸ್ ಅನ್ನುವ ಊರಿನ ಹತ್ತಿರ ಅಮೆರಿಕದ ಸೇನೆ ತನ್ನ ದೊಡ್ಡ ದೊಡ್ಡ ಆಯುಧಗಳನ್ನೆಲ್ಲ ತಂದು ನಿಲ್ಲಿಸುತ್ತದೆ. ಅವೆಲ್ಲ ಶತ್ರುವನ್ನು ಹೆದರಿಸಿ ಗೆಲ್ಲಲು ಮಾಡಿದವು. ಹೆದರಿಕೆಯೇ ಗೊತ್ತಿಲ್ಲದವರ ಮುಂದೆ ಅದರಿಂದ ಏನು ಪ್ರಯೋಜನ? ತಲೆಗೇ ಹೊಡೆಯಬೇಕು, ಒಬ್ಬೊಬ್ಬರನ್ನೇ. ಸೇನೆ ಸೋತು ಓಡುತ್ತದೆ. ಅಲ್ಲಿದ್ದ ಸೈನಿಕನೊಬ್ಬ ಸಿಟ್ಟಿನಿಂದ ಹೇಳುವ ಈ ಅಧ್ಯಾಯದ ಮುಂದೆ ಸಿನಿಮಾದ ಯಾವ ಸ್ಫೋಟವೂ ನಿಲ್ಲುವುದಿಲ್ಲ.

ಇಸ್ರೇಲ್ ಕಟ್ಟಿದ ಗೋಡೆ ಎರಡರಲ್ಲೂ ಇದೆ. ಸಿನಿಮಾದಲ್ಲಿ ಅದು ಜೆರುಸಲೇಮಿನ ಸುತ್ತ. ಒಳಗಿನ ಜನ ಮೈಕಿನಲ್ಲಿ ಹಾಡುತ್ತಾರೆ, ಸದ್ದಿಗೆ ಹೊರಗಿನ ಝಾಂಬಿಗಳು ಕೆಂಪಿರುವೆ ಹಾಗೆ ಒಬ್ಬರ ಮೇಲೊಬ್ಬರು ಹತ್ತಿ ಗೋಡೆ ದಾಟುತ್ತಾರೆ. ನೋಡಲು ಅದ್ಭುತ. ಪುಸ್ತಕದಲ್ಲಿ ಹಾಗೆ ಗೋಡೆ ಹತ್ತಿ ಬರುವವರಿಲ್ಲ. ಒಳಗಿನವರೇ ತಮ್ಮತಮ್ಮಲ್ಲಿ ಬಡಿದಾಡಿಕೊಳ್ಳುತ್ತಾರೆ. ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದು.

ಇನ್ನು ಭಾರತ. ಸಿನಿಮಾದಲ್ಲಿ ನಮ್ಮ ಪಾಲಿಗೆ ಬರುವುದು ಹೆಚ್ಚುಕಮ್ಮಿ ಒಂದೇ ಪದ. ಭಾರತದ ಸೇನಾಧಿಕಾರಿಯೊಬ್ಬ ಕಳಿಸಿದ ಸಂದೇಶದಲ್ಲಿ ‘ರಾಕ್ಷಸ’ ಅಂತ ಇತ್ತು ಅನ್ನುತ್ತಾರೆ, ಅಷ್ಟೇ. ಪುಸ್ತಕ ಇಲ್ಲಿಗೆ ಬರುತ್ತದೆ, ಕೂರುತ್ತದೆ. ಗುಜರಾತಿನ ಅಲಂಗ್‌ನಲ್ಲಿ, ಹಳೆ ಹಡಗು ಒಡೆಯುವ ಕಡಲತೀರದಲ್ಲಿ, ಸಾವಿರಾರು ಜನ ಹಡಗು ಹತ್ತಲು ನೀರಿಗೆ ಇಳಿಯುತ್ತಾರೆ. ಹಿಮಾಲಯದಲ್ಲಿ ರಸ್ತೆ ಕಟ್ಟುವ ಇಂಜಿನಿಯರ್ ಒಬ್ಬ ರಸ್ತೆಯನ್ನು ಒಡೆಯಲು ನಿಂತಿದ್ದಾನೆ. ಬೆಟ್ಟ ಹತ್ತಿ ಬರುವ ಜನರ ನಡುವೆಯೇ ಝಾಂಬಿಗಳೂ ಇದ್ದಾರೆ. ಒಡೆದರೆ ಬದುಕಿರುವವರೂ ಆಚೆ ಉಳಿಯುತ್ತಾರೆ.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಚಾವಡಿಯಲ್ಲಿ ಕೂತೆ. 2020ರ ಮಾರ್ಚ್ ನೆನಪಾಯಿತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಗಾಡಿಗಳನ್ನು ತಡೆದರು, ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದರು. ಇಲ್ಲಿಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮೊದಲಿಂದಲೂ ಮಂಗಳೂರು. ನಮ್ಮ ಆಚೆಮನೆಯ ಅಜ್ಜ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಅಲ್ಲಿಗೇ ಹೋಗುತ್ತಿದ್ದರು. ಆ ದಿನ ಮಣ್ಣಿನ ರಾಶಿಯ ತನಕ ಹೋಗಿ ವಾಪಸ್ ಬಂದರು. ಅಜ್ಜಿ ಅದನ್ನು ಈಗಲೂ ಹೇಳುತ್ತಾರೆ. ಸರ್ಕಾರ, ರೋಗ, ಕೋರ್ಟು ಯಾವುದೂ ಅವರ ಬಾಯಲ್ಲಿ ಬರುವುದಿಲ್ಲ. ಬೆಳಗ್ಗೆ ಕಟ್ಟಿಕೊಟ್ಟ ಬುತ್ತಿ ಹಾಗೇ ವಾಪಸ್ ಬಂತು ಅನ್ನುವಲ್ಲಿಂದ ಶುರು ಮಾಡುತ್ತಾರೆ. ಬ್ರೂಕ್ಸ್‌ನ ಪುಸ್ತಕದ ಜನ ಮಾತಾಡುವುದು ಹೀಗೆಯೇ. ಸಿನಿಮಾದ ನಾಯಕನಿಗೆ ಇಂಥ ಮಾತು ಕೇಳಲು ಪುರುಸೊತ್ತಿಲ್ಲ. ಅವನು ಔಷಧಿ ಹುಡುಕುತ್ತಾ ಒಂದು ದೇಶದಿಂದ ಇನ್ನೊಂದಕ್ಕೆ ಹಾರಬೇಕು.

ಸಿನಿಮಾದ ಕೊನೆ ಮೊದಲು ಬೇರೆಯೇ ಇತ್ತು. ರಷ್ಯಾದಲ್ಲಿ ದೊಡ್ಡ ಕಾಳಗ. ಅದನ್ನು ಬಿಟ್ಟು ಹೊಸದಾಗಿ ಬರೆಸಿ ಚಿತ್ರೀಕರಿಸಿದರು. ಈಗಿರುವುದು ವೇಲ್ಸಿನ ಪ್ರಯೋಗಾಲಯ, ಉದ್ದ ಕಾರಿಡಾರು, ಉಸಿರು ಬಿಗಿಹಿಡಿದ ನಡಿಗೆ. ಬದಲಾಯಿಸಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆದರೆ ಮಾರಕ ರೋಗ ಇರುವವರನ್ನು ಝಾಂಬಿಗಳು ಮುಟ್ಟುವುದಿಲ್ಲ ಅನ್ನುವ ಪರಿಹಾರ ಪುಸ್ತಕದಲ್ಲಿಲ್ಲ. ಅಲ್ಲಿ ಬರುವ ಲಸಿಕೆಯೇ ಮೋಸದ್ದು, ಜನರ ಹೆದರಿಕೆಯಿಂದ ಹಣ ಮಾಡಿದ್ದು.

ಒಂದನ್ನೇ ಆರಿಸು ಅಂದರೆ ನಾನು ಪುಸ್ತಕ ಆರಿಸುತ್ತೇನೆ. ಇಂಗ್ಲಿಷ್ ಓದುವುದು ಕಷ್ಟ ಅನ್ನುವವರಿಗೆ ಆಡಿಯೋ ಪುಸ್ತಕವೂ ಇದೆ. ಒಂದೊಂದು ಪಾತ್ರಕ್ಕೆ ಒಬ್ಬೊಬ್ಬ ನಟರು ದನಿ ಕೊಟ್ಟಿದ್ದಾರೆ. ಯಾಂಕರ್ಸ್‌ನ ಸೈನಿಕನಾಗಿ ಮಾತಾಡುವುದು ‘ಸ್ಟಾರ್ ವಾರ್ಸ್’ನ ಮಾರ್ಕ್ ಹ್ಯಾಮಿಲ್. ಅದು ನಿಜಕ್ಕೂ ತಾಳಮದ್ದಳೆಯೇ. 2013ರಲ್ಲಿ ಬಂದ ಪೂರ್ಣ ಆವೃತ್ತಿಯನ್ನೇ ಕೇಳಿ, ಮೊದಲಿನದರಲ್ಲಿ ಎಷ್ಟೋ ಕಥೆ ಬಿಟ್ಟಿದ್ದರು.

ಪುಸ್ತಕ ಈಗ ಭಾವನ ಮನೆಯಲ್ಲಿದೆ. ಚಳಿಗೆ ಝಾಂಬಿಗಳು ಹೆಪ್ಪುಗಟ್ಟುತ್ತಾರೆ ಅಂತ ಉತ್ತರಕ್ಕೆ ಓಡಿದ ಕುಟುಂಬಗಳಿಗೆ ಅಲ್ಲಿ ತಿನ್ನಲು ಏನೂ ಉಳಿಯದ ಅಧ್ಯಾಯವೊಂದಿದೆ. ಆಗ ಹುಡುಗಿಯಾಗಿದ್ದವಳು ಅದನ್ನು ಹೇಳುತ್ತಾಳೆ. ನಿನ್ನೆ ರಾತ್ರಿ ಭಾವ ಫೋನ್ ಮಾಡಿದರು. “ಆ ಹುಡುಗಿಗೆ ಅಮ್ಮ ಕೊಟ್ಟ ಸಾರು ಎಂತದ್ದು ಅಂತ ನೀನು ಮೊದಲೇ ಹೇಳಬೇಕಿತ್ತು” ಅಂದರು.