ಲಿ ಶಿಯಾಂಗ್‌ಲಾನ್ ಹಾಡುಗಳ ಸಿಡಿ: ದನಿಗೆ ಪೂರ್ತಿ ಅಂಕ, ಪುಸ್ತಿಕೆಗೆ ಸೊನ್ನೆ

ಟೋಕಿಯೋದ ಜಿಂಬೋಚೋದಲ್ಲಿ ಹಳೇ ಪುಸ್ತಕ ಹುಡುಕಲು ಹೋದವನು 1940ರ ದಶಕದ ಗಾಯಕಿ, ನಟಿ ಲಿ ಶಿಯಾಂಗ್‌ಲಾನ್ ಅವರ ಈ ಎರಡು ಸಿಡಿಗಳ ಸೆಟ್ ಹಿಡಿದುಕೊಂಡು ಬಂದೆ. ಸೆಕೆಂಡ್ ಹ್ಯಾಂಡ್, 1,200 ಯೆನ್. ಒಂದು ಗೀರೂ ಇಲ್ಲ ಅಂದಿದ್ದರು ಅಂಗಡಿಯವರು. ಎರಡನೇ ಸಿಡಿಯ ನಾಲ್ಕನೇ ಹಾಡು ಪ್ರತಿ ಸಲ ಒಂದೇ ಜಾಗದಲ್ಲಿ ಎಡವುತ್ತದೆ. ಇರಲಿ.

ದನಿ ಮಾತ್ರ ಏನು ಹೇಳಲಿ! 1944ರ ‘ಯೆ ಲೈ ಶಿಯಾಂಗ್’ ಕೇಳಿ. ರಾತ್ರಿ ಘಮ್ಮೆನ್ನುವ ಹೂವಿನ ಹಾಡು, ತೂಗಿಸುವ ರುಂಬಾ ತಾಳ. ಮೇಲಿನ ಸ್ವರಕ್ಕೆ ಹೋದರೂ ಗಂಟಲು ಬಿಗಿಯುವುದಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ, “ಯಾರ್ರೀ ಇದು, ನಮ್ಮ ಹಳೇ ಸಿನಿಮಾ ಹಾಡಿನ ಥರಾನೇ ಇದೆ” ಅಂದಳು.

ನನ್ನ ತಕರಾರು ಪುಸ್ತಿಕೆಯ ಮೇಲೆ. 12 ಪುಟ, ಅರ್ಧಕ್ಕರ್ಧ ಫೋಟೋ. ‘1946ರಲ್ಲಿ ಜಪಾನಿಗೆ ಬಂದರು’ ಅಂತ ಒಂದೇ ಸಾಲು. ಸುಮ್ನೆ ಹಡಗು ಹತ್ತಿ ಬಂದ ಹಾಗೆ!

ಹೆಸರು ಚೀನೀಯದಾದರೂ ಈಕೆ ಚೀನೀಯರೇ ಅಲ್ಲ. 1920ರಲ್ಲಿ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ಹುಟ್ಟಿದ ಜಪಾನಿ, ಯಾಮಾಗುಚಿ ಯೋಶಿಕೋ. ಜಪಾನ್ ಆ ನಾಡು ಹಿಡಿದ ಮೇಲೆ ಅಲ್ಲಿನ ಸಿನಿಮಾ ಕಂಪನಿ ಚೀನೀ ತಾರೆ ಅಂತಲೇ ಮೆರೆಸಿತು. 1940ರ ಒಂದು ಚಿತ್ರದಲ್ಲಿ ಜಪಾನಿ ನಾಯಕ ಈಕೆಯ ಕೆನ್ನೆಗೆ ಬಾರಿಸುತ್ತಾನೆ, ಆಮೇಲೆ ಈಕೆಗೆ ಅವನ ಮೇಲೇ ಪ್ರೀತಿ! ನೋಡಿದ ಚೀನೀಯರಿಗೆ ಮೈ ಉರಿಯದೆ ಇರುತ್ತಾ?

ಯುದ್ಧ ಮುಗಿದ ಮೇಲೆ ಶಾಂಘೈನಲ್ಲಿ ಚೀನೀ ಸರ್ಕಾರದವರು ಹಿಡಿದು ಕೂರಿಸಿದರು. ಚೀನೀ ಆಗಿದ್ದೂ ಜಪಾನಿನ ಪರ ನಿಂತ ದೇಶದ್ರೋಹದ ಆರೋಪ. ನಿಜಕ್ಕೂ ಚೀನೀ ಆಗಿದ್ದರೆ ತಲೆ ಉಳಿಯುವುದೇ ಕಷ್ಟ. ಆಗ ಬಾಲ್ಯದ ರಷ್ಯನ್ ಗೆಳತಿ ಲ್ಯೂಬಾ ಮೂಲಕ ಬೀಜಿಂಗ್‌ನಲ್ಲಿದ್ದ ಹೆತ್ತವರಿಂದ ಒಂದು ಜಪಾನಿ ಗೊಂಬೆ ಬಂತು. ಒಳಗೆ ಮಡಚಿಟ್ಟ ಕಾಗದ: ಕೊಸೆಕಿ, ಅಂದರೆ ಜಪಾನಿನ ಸರ್ಕಾರಿ ಕುಟುಂಬ ದಾಖಲೆ. ನಮ್ಮ ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷ ಇದ್ದ ಹಾಗೆ ಅಂದುಕೊಳ್ಳಿ. ಜಪಾನಿ ಅಂತ ಸಾಬೀತಾಯಿತು, ಬಿಟ್ಟರು. ಚೀನೀ ಅಲ್ಲ ಅಂತ ಬಿಟ್ಟರು ಅಷ್ಟೆ, ಮಾಡಿದ್ದು ಸರಿ ಅಂತಲ್ಲ. ಜಪಾನಿಗಳಿಗೆ ಗೂಢಚಾರಿಕೆ ಮಾಡಿದ ಆರೋಪ ಹೊತ್ತ ಮಂಚು ರಾಜಕುಮಾರಿ ಕವಾಶಿಮಾ ಯೋಶಿಕೋ ಬಳಿ ಇಂಥ ಕಾಗದ ಇರಲಿಲ್ಲ. ಜಪಾನಿ ಮನೆಯ ಸಾಕುಮಗಳಾದರೂ ಆಕೆಯ ಹೆಸರು ಕೊಸೆಕಿಗೆ ಸೇರಿರಲಿಲ್ಲ. 1948ರಲ್ಲಿ ಗುಂಡಿಕ್ಕಿದರು.

ಯಾಮಾಗುಚಿ ಮುಂದೆ 18 ವರ್ಷ ಜಪಾನಿನ ಸಂಸತ್ತಿನಲ್ಲಿದ್ದರು. ಪುಸ್ತಿಕೆಯಲ್ಲಿ ಇದಕ್ಕೂ ಜಾಗವಿಲ್ಲ. ಕಿಮೋನೋ ಫೋಟೋಗೆ ಎರಡು ಪುಟ ಇದೆ.

5ಕ್ಕೆ 3 ಕೊಡುತ್ತೇನೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹಾಕಿಸಿ ಕೇಳಿ. ನಾನಂತೂ ವಾಪಸ್ ಕೊಡಲು ಹೋಗಿಲ್ಲ. ಮೊದಲನೇ ಸಿಡಿಯಲ್ಲೇ ದುಡ್ಡು ಹುಟ್ಟಿದೆ.