ಪದ್ಮಿನಿಯ ಚಿಲ್ಲರೆ ಸಾಮಾನಿಗೆ ಪೀಣ್ಯದಲ್ಲಿ ಜಿಂಕ್ ಪ್ಲೇಟಿಂಗ್

ಪ್ರೀಮಿಯರ್ ಪದ್ಮಿನಿ ಬಿಚ್ಚಿ ರೆಡಿ ಮಾಡಿಸುತ್ತಿದ್ದೀರಾ? ತುಕ್ಕು ಹಿಡಿದ ಬೋಲ್ಟು, ಬ್ರಾಕೆಟ್ಟು, ಕ್ಲ್ಯಾಂಪುಗಳಿಗೆ ದಯವಿಟ್ಟು ಸಿಲ್ವರ್ ಪೇಂಟ್ ಹೊಡೆಸಬೇಡಿ. ಸ್ಪ್ಯಾನರ್ ಹಾಕಿದ ತಕ್ಷಣ ಎದ್ದು ಬರುತ್ತದೆ, ಮಳೆಗಾಲ ಬಂತೆಂದರೆ ಅದರಡಿಯಲ್ಲೇ ಮತ್ತೆ ತುಕ್ಕು. ಜಿಂಕ್ ಪ್ಲೇಟಿಂಗ್, ಅಂದರೆ ಕರೆಂಟ್ ಹಾಯಿಸಿ ಸತುವಿನ ತೆಳು ಪದರ ಕೂರಿಸುವುದು, ಹಾಗಲ್ಲ. ಗೀರು ಬಿದ್ದರೂ ಸುತ್ತಲಿನ ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ನಾನು ಕೊಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಯೂನಿಟ್‌ಗೆ. ಫ್ಯಾಕ್ಟರಿ ಮಾಲೇ ಜಾಸ್ತಿ, ಆದರೂ ಹಳೇ ಕಾರಿನ ಸಾಮಾನು ಅಂದರೆ ಮುಖ ತಿರುಗಿಸುವುದಿಲ್ಲ. ಲೆಕ್ಕ ಕೆಜಿ ಮೇಲೆ, ಜೊತೆಗೆ ಮಿನಿಮಮ್ ಚಾರ್ಜ್ ಇದೆ, ಹಾಗಾಗಿ ಎಲ್ಲ ಸೇರಿಸಿ ಒಂದೇ ಸಲ ಕೊಡಿ.

ನನಗೆ ತುಂಬಾ ಹಿಡಿಸಿದ್ದು ಸೂಪರ್‌ವೈಸರ್ ಡಬ್ಬಿ ಸುರಿದು ಒಂದೊಂದನ್ನೇ ನೋಡಿದ ರೀತಿ. ಸ್ಪ್ರಿಂಗುಗಳನ್ನೂ ತಲೆ ಮೇಲೆ 10.9 (ಹೆಚ್ಚು ಬಲದ ಉಕ್ಕಿನ ಗುರುತು) ಅಂತಿದ್ದ ಬೋಲ್ಟುಗಳನ್ನೂ ಪಕ್ಕಕ್ಕಿಟ್ಟು, "ಸಾರ್, ಇವನ್ನ ಆಸಿಡ್‌ಗೆ ಹಾಕೋದು ಬೇಡ" ಅಂದರು. ಸರಿಯಾದ ಮಾತು. ಇಂಥ ಗಟ್ಟಿ ಉಕ್ಕು ತುಕ್ಕು ತೆಗೆಯುವ ಆಸಿಡ್‌ನಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹೈಡ್ರೋಜನ್ ಹೀರಿಕೊಂಡು, ಆಮೇಲೆ ಬಿಗಿ ಮಾಡಿ ಎಷ್ಟೋ ಹೊತ್ತಾದ ಮೇಲೂ ಪಟ್ ಅಂತ ಮುರಿಯಬಹುದು. ಪ್ಲೇಟಿಂಗ್ ಮಾಡಿಸಲೇಬೇಕು ಅಂದರೆ ಆ ಹೈಡ್ರೋಜನ್ ಹೊರಹೋಗಲು, ಮುಗಿದ 4 ಗಂಟೆಯೊಳಗೆ ಓವನ್‌ಗೆ ಹಾಕಿ, 200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಅವರ ಹತ್ತಿರ ಓವನ್ ಇಲ್ಲ. ಮುಚ್ಚಿಡದೆ ಹೇಳಿದರು.

ಬಂದ ಮಾಲು ಚೆನ್ನಾಗಿದೆ. ಹಳದಿ ಪ್ಯಾಸಿವೇಶನ್ (ಜಿಂಕ್ ಮೇಲೆ ಕೊಡುವ ಹಳದಿ ರಾಸಾಯನಿಕ ಪದರ) ಕೇಳಿದ್ದೆ. ಹ್ಯಾಂಡ್ ಗೇರಿನ (ಸ್ಟೇರಿಂಗ್ ಪಕ್ಕದ ಗೇರು) ಲಿಂಕ್ ರಾಡನ್ನು ಬಿಸಿಲಿಗೆ ಹಿಡಿದರೆ ಹಳದಿಯೊಳಗೆ ಹಸಿರು, ಗುಲಾಬಿ ಬಣ್ಣ ಹೊರಳುತ್ತದೆ. ಆದರೆ ಅದೇ ರಾಡಿನ ತುದಿಯಲ್ಲಿ ತುಕ್ಕು ತಿಂದ ಗುಳಿಗಳು ಹಾಗೇ ಕಾಣುತ್ತವೆ. ಜಿಂಕ್ ಪದರ 8-10 ಮೈಕ್ರಾನ್ ಅಷ್ಟೇ ಅಲ್ವಾ, ಗುಳಿ ಎಲ್ಲಿ ತುಂಬುತ್ತೆ? ನುಣುಪು ಬೇಕಿದ್ದರೆ ಕೊಡುವ ಮೊದಲೇ ಉಜ್ಜಿಸಿ.

ಇನ್ನು ದೂರು. ಹೇಳಿದ ದಿನಕ್ಕೆ ಕೊಡಲಿಲ್ಲ. ಸಣ್ಣ ವಾಷರ್‌ಗಳು ಪ್ಲೇಟಿಂಗಿನ ತಿರುಗುವ ಬ್ಯಾರೆಲ್‌ನಲ್ಲಿ ಬೇರೆಯವರ ಮಾಲಿನ ಜೊತೆ ಬೆರೆತು ಕೆಲವು ಕಳೆದೇ ಹೋದವು. ವಾಷರ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ ಬಿಡಿ, ಆದರೆ ಈ ಕಾರಿಗಷ್ಟೇ ಬರುವ ಪಿನ್ನು, ಬ್ರಾಕೆಟ್ಟು ಹೋದರೆ ಹುಡುಕೋದು ಎಲ್ಲಿ? ಅಂಥವನ್ನು ತಂತಿಗೆ ಪೋಣಿಸಿ, ಫೋಟೋ ತೆಗೆದು, ಎಣಿಸಿ ಚಲನ್ ಮೇಲೆ ಬರೆಸಿಕೊಳ್ಳಿ. ಗ್ರೀಸು ಡೀಸೆಲ್‌ನಲ್ಲಿ ತೊಳೆದೇ ಒಯ್ಯಿರಿ, ಜಿಡ್ಡಿದ್ದ ಕಡೆ ಜಿಂಕ್ ಹಿಡಿಯುವುದಿಲ್ಲ.

ಬಂಪರ್, ಗ್ರಿಲ್ ತರಬೇಡಿ, ಕ್ರೋಮ್ ಕೆಲಸ ಇಲ್ಲಿಲ್ಲ. ನನ್ನ ಕಾರಿನ ಸೀಟ್ ರೈಲು, ಬಾಗಿಲಿನ ಬೋಲ್ಟು ಇನ್ನೂ ಬಾಕಿ ಇವೆ. ಅವೂ ಇವರ ಹತ್ತಿರಾನೇ.