ಕೊಡಗಿನ ಮಳೆಯಲ್ಲಿ ನಿಲ್ಲುವ ಬೈಕಿಗೆ ಜೆಐಎಸ್ ಬಿಟ್‌ಗಳು: ದೀರ್ಘಕಾಲದ ಬಳಕೆಯ ವಿಮರ್ಶೆ

ಜಪಾನಿನ ಒಸಾಕಾದಲ್ಲಿ 1916ರಲ್ಲಿ ಸ್ಥಾಪನೆಯಾದ ವೆಸ್ಸೆಲ್ ಕಂಪನಿಯ ಜೆಐಎಸ್ (ಜಪಾನಿನ ಮಾನದಂಡದ) ಮಾದರಿಯ ಪ್ಲಸ್ ಬಿಟ್‌ಗಳನ್ನು, ಅಂದರೆ ಸ್ಕ್ರೂಡ್ರೈವರ್‌ಗೆ ಹಾಕುವ ಪ್ಲಸ್ ಆಕಾರದ ತುದಿಗಳನ್ನು, ಜೊತೆಗೆ ಅದೇ ಕಂಪನಿಯ ಇಂಪ್ಯಾಕ್ಟಾ ಸ್ಕ್ರೂಡ್ರೈವರನ್ನು, ನಾಪೋಕ್ಲಿನ ನಮ್ಮ ಮನೆಯಲ್ಲಿರುವ ಯಮಹಾ ಆರ್‌ಎಕ್ಸ್ 100 ಮತ್ತು ಪಲ್ಸರ್ 150 ಬೈಕುಗಳಿಗೆ ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಬೈಕಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರು ನಲವತ್ತು ತುಂಡುಗಳ ಪೆಟ್ಟಿಗೆಗೆ ಕೊಡುವ ಹಣವನ್ನು ಸರಿಯಾದ ಆಕಾರದ ಮೂರು ನಾಲ್ಕು ಬಿಟ್‌ಗಳಿಗೆ ಕೊಡಬೇಕು ಎಂಬುದು ಇಷ್ಟು ಕಾಲದ ಬಳಕೆಯ ನಂತರ ನನ್ನ ಖಚಿತ ಅಭಿಪ್ರಾಯ.

ಆಕಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಲಸ್ ಬಿಟ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಹೆನ್ರಿ ಫಿಲಿಪ್ಸ್ ಅವರು 1936ರ ಸುಮಾರಿಗೆ ಬಳಕೆಗೆ ತಂದ ಫಿಲಿಪ್ಸ್ ಮಾದರಿಯವು. ಆದರೆ ಜಪಾನಿನ ವಿನ್ಯಾಸದಿಂದ ಬಂದ ಬೈಕುಗಳಲ್ಲಿ, ಅಂದರೆ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100, ಸ್ಪ್ಲೆಂಡರ್ ಮುಂತಾದವುಗಳಲ್ಲಿ, ಇರುವ ಸ್ಕ್ರೂಗಳನ್ನು ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಪ್ರಕಾರ ಕೊರೆಯಲಾಗಿರುತ್ತದೆ. ಎರಡೂ ನೋಡಲು ಒಂದೇ ರೀತಿ ಕಾಣುತ್ತವೆ. ಜೆಐಎಸ್ ಸ್ಕ್ರೂವಿನ ಗುಳಿಗೆ ಫಿಲಿಪ್ಸ್ ಬಿಟ್ ಹಾಕಿದಾಗ ಅದರ ತುದಿ ಮೊದಲು ತಳಕ್ಕೆ ತಾಗಿಬಿಡುತ್ತದೆ. ಬಿಟ್‌ನ ನಾಲ್ಕು ರೆಕ್ಕೆಗಳು ಗುಳಿಯ ಗೋಡೆಗೆ ಪೂರ್ತಿ ಒತ್ತಿಕೊಳ್ಳುವುದೇ ಇಲ್ಲ. ಬಲ ಹಾಕಿ ತಿರುಗಿಸಿದೊಡನೆ ಬಿಟ್ ಮೇಲಕ್ಕೆ ಜಾರುತ್ತದೆ, ಹಾಗೆ ಜಾರಿದಷ್ಟೂ ಸ್ಕ್ರೂವಿನ ತಲೆ ಸವೆಯುತ್ತದೆ. ಹಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಗುಳಿಯ ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ ಇರುತ್ತದೆ. ಚುಕ್ಕಿ ಇಲ್ಲದ ಮಾತ್ರಕ್ಕೆ ಅದು ಜೆಐಎಸ್ ಅಲ್ಲ ಎಂದುಕೊಳ್ಳಬಾರದು. ಬಿಟ್ ಕೂರಿಸಿ ಅಲುಗಾಡಿಸಿ ನೋಡಿದರೆ ಕೈಗೇ ತಿಳಿಯುತ್ತದೆ. ಸರಿಯಾದ ಬಿಟ್ ಗುಳಿಯೊಳಗೆ ಸ್ವಲ್ಪವೂ ಆಡುವುದಿಲ್ಲ.

ಕೊಡಗಿನಲ್ಲಿ ಇದು ಸಣ್ಣ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕು ಒಣಗುವುದೇ ಅಪರೂಪ. ತೋಟದ ಕೆಸರಿನಲ್ಲಿ ಓಡಿದ ಬೈಕನ್ನು ತೊಳೆದು ನಿಲ್ಲಿಸಿದರೂ ಗಾಳಿಯಲ್ಲೇ ತೇವ ತುಂಬಿರುತ್ತದೆ. ಆರ್‌ಎಕ್ಸ್ 100ರ ಎಂಜಿನ್ ಕವರ್‌ಗಳು ಅಲ್ಯೂಮಿನಿಯಂನವು, ಅವನ್ನು ಹಿಡಿದಿರುವ ಸ್ಕ್ರೂಗಳು ಉಕ್ಕಿನವು. ಈ ಎರಡು ಲೋಹಗಳ ನಡುವೆ ನೀರು ನಿಂತಾಗ ಅಲ್ಯೂಮಿನಿಯಂ ಸವೆಯುತ್ತಾ ಹೋಗಿ, ಬಿಳಿ ಪುಡಿ ಥ್ರೆಡ್ ತುಂಬ ತುಂಬಿಕೊಂಡು, ಸ್ಕ್ರೂ ಕವರ್‌ಗೆ ಅಂಟಿಕೊಳ್ಳುತ್ತದೆ. ಮಳೆ ಕಳೆದ ಮೇಲೆ ಮ್ಯಾಗ್ನೆಟ್ ಕವರ್ ಬಿಚ್ಚಲು ಹೋದವರಿಗೆಲ್ಲ ಇದರ ಅನುಭವ ಇದ್ದೇ ಇರುತ್ತದೆ. ಇಂತಹ ಸ್ಕ್ರೂಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಗುಳಿಯೊಳಗಿನ ಮಣ್ಣನ್ನು ಸೂಜಿಯಿಂದ ಪೂರ್ತಿ ತೆಗೆದು, ಮೂರನೆಯ ಸಂಖ್ಯೆಯ (ಅಳತೆಯ) ಜೆಐಎಸ್ ಬಿಟ್ ಕೂರಿಸಿ, ತಿರುಗಿಸುವುದಕ್ಕಿಂತ ಹೆಚ್ಚಿನ ಬಲವನ್ನು ಒಳಕ್ಕೆ ಒತ್ತುವುದರಲ್ಲಿ ಹಾಕಿದರೆ ಹೆಚ್ಚಿನವು ಬಿಚ್ಚಿಕೊಳ್ಳುತ್ತವೆ. ಮಣ್ಣು ತೆಗೆಯುವ ಕೆಲಸವನ್ನು ಯಾರೂ ಬಿಡಬಾರದು, ಏಕೆಂದರೆ ಕಾಳಿನಷ್ಟು ಮಣ್ಣು ಉಳಿದರೂ ಎಷ್ಟು ಒಳ್ಳೆಯ ಬಿಟ್ ಆದರೂ ತಳಕ್ಕೆ ಇಳಿಯುವುದಿಲ್ಲ.

ಅದಕ್ಕೂ ಮಣಿಯದವುಗಳಿಗೆ ಇಂಪ್ಯಾಕ್ಟಾ ಇದೆ. ಇದರ ಹಿಡಿಯ ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ತುದಿಯು ಒಳಕ್ಕೆ ಒತ್ತಿಕೊಳ್ಳುತ್ತಲೇ ಬಿಚ್ಚುವ ದಿಕ್ಕಿಗೆ ಸ್ವಲ್ಪ ತಿರುಗುತ್ತದೆ. ಪಲ್ಸರ್‌ನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಸ್ಕ್ರೂಗಳಿಗೆ ಇದಕ್ಕಿಂತ ಉತ್ತಮ ಉಪಕರಣವನ್ನು ನಾನು ಕಂಡಿಲ್ಲ: ಅವು ಮುಚ್ಚಳದ ಮಟ್ಟಕ್ಕೆ ಇಳಿದು ಕುಳಿತಿರುವ ಚಪ್ಪಟೆ ತಲೆಯವು, ತಲೆ ಹೋದರೆ ಇಕ್ಕಳದಿಂದ ಹಿಡಿಯಲು ಜಾಗವೇ ಇಲ್ಲ. ಈ ಡಬ್ಬಿ ಇರುವುದು ಬೈಕಿನ ಹ್ಯಾಂಡಲ್ ಮೇಲೆ, ಜೋರಾಗಿ ಹೊಡೆಯಲಾಗದ ಅಂತಹ ಜಾಗದಲ್ಲಿ ಸಣ್ಣ ಸುತ್ತಿಗೆಯ ಹಗುರವಾದ ಏಟೇ ಸಾಕಾಗುತ್ತದೆ. ಗ್ಯಾರೇಜುಗಳಲ್ಲಿರುವ, ಸುತ್ತಿಗೆಯಿಂದಲೇ ಹೊಡೆಯುವ ಭಾರದ ಇಂಪ್ಯಾಕ್ಟ್ ಡ್ರೈವರ್ ಎಂಜಿನ್ ಕವರ್‌ಗೆ ಒಳ್ಳೆಯದೇ, ಆದರೆ ಅದನ್ನು ಈ ಡಬ್ಬಿಯ ಮೇಲೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅಂತಹ ಡ್ರೈವರ್ ಇರುವವರು ಬಿಟ್ ತರಿಸುವ ಮೊದಲು ಹಿಂಬದಿಯ ಅಳತೆ ನೋಡಬೇಕು: ಸಾಮಾನ್ಯ ಬಿಟ್‌ಗಳ ಆರು ಮೂಲೆಯ ಕಾಂಡ 6.35 ಮಿಲಿಮೀಟರಿನದು, ಹಲವು ಇಂಪ್ಯಾಕ್ಟ್ ಡ್ರೈವರ್‌ಗಳಿಗೆ ಬೇಕಾಗುವುದು 8 ಮಿಲಿಮೀಟರಿನದು. ನಡು ಸಣ್ಣಗಿರುವ ಬಿಟ್‌ಗಳು ವಿದ್ಯುತ್ ಡ್ರೈವರ್‌ಗಾಗಿ ಮಾಡಿದವು. ಸುತ್ತಿಗೆಯ ಏಟಿಗೆ ನೇರವಾದ ದಪ್ಪ ಕಾಂಡದ್ದೇ ಆಗಬೇಕು.

ತಮ್ಮನ ಬಿಎಂಡಬ್ಲ್ಯೂ ಜಿ 310 ಜಿಎಸ್ ಬೈಕಿಗೆ ಆರು ಮೊನೆಯ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್‌ಗಳು ಬೇಕು. ಟಿ25 ಮತ್ತು ಟಿ30 ಅಳತೆಯವು ಹೆಚ್ಚು ಬಳಕೆಯಾಗುತ್ತವೆ, ಅವನ್ನು ಎಸ್2 ಎಂಬ ಗಟ್ಟಿ ಉಕ್ಕಿನಲ್ಲೇ ಕೊಳ್ಳಬೇಕು. ಟಾರ್ಕ್ಸ್ ಗುಳಿಗೆ ಅಲನ್ ಕೀ ತುರುಕುವ ಅಭ್ಯಾಸ ಇಲ್ಲಿಯೂ ಇದೆ, ಅದು ಸ್ಕ್ರೂವನ್ನು ಕೆಡಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಎರಡನೆಯ ಸಂಖ್ಯೆಯ ಬಿಟ್ ಕಾರ್ಬುರೇಟರಿನ ಫ್ಲೋಟ್ ಬೌಲ್‌ನಿಂದ ಹಿಡಿದು ಮನೆಯ ಸ್ವಿಚ್ ಬೋರ್ಡ್‌ವರೆಗೆ ಎಲ್ಲದಕ್ಕೂ ಹೋಗುತ್ತಿದ್ದರೂ ಅದರ ರೆಕ್ಕೆಗಳ ಅಂಚು ಇನ್ನೂ ಚೂಪಾಗಿದೆ. ಇದಕ್ಕೂ ಮೊದಲು ಹತ್ತಿರದ ಪೇಟೆಯ ಅಂಗಡಿಯಿಂದ ತಂದಿದ್ದ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬಿಟ್‌ಗಳ ತುದಿ ಒಂದೇ ಮಳೆಗಾಲದ ಕೆಲಸಕ್ಕೆ ದುಂಡಗಾಗಿತ್ತು. ವೆಸ್ಸೆಲ್‌ನ ದೋಷವೆಂದರೆ ತುಕ್ಕು: ಬಿಟ್‌ನ ಮೇಲಿನ ಲೇಪನ ನಮ್ಮ ಜುಲೈ ತಿಂಗಳ ತೇವಕ್ಕೆ ಸಾಲದು, ಎಣ್ಣೆಬಟ್ಟೆಯಲ್ಲಿ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿ ಇಡದಿದ್ದರೆ ಕಂದು ಚುಕ್ಕೆಗಳು ಬೀಳುತ್ತವೆ. ಎರಡನೆಯ ತೊಂದರೆ ಲಭ್ಯತೆ. ಗೋಣಿಕೊಪ್ಪ, ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಜೆಐಎಸ್ ಎಂದು ಕೇಳಿದಾಗ ನನಗೆ ಸಿಕ್ಕಿದ್ದು ಫಿಲಿಪ್ಸ್ ಬಿಟ್‌ಗಳೇ, ಆದ್ದರಿಂದ ಕೊರಿಯರ್ ಮೂಲಕವೇ ತರಿಸಿದೆ. ತರಿಸುವವರು ಮಳೆ ಆರಂಭವಾಗುವ ಮುನ್ನ, ಮೇ ತಿಂಗಳಲ್ಲೇ ತರಿಸಿಕೊಂಡು, ಅಂಟಿಕೊಳ್ಳುವ ಮೊದಲೇ ಕವರ್‌ನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಥ್ರೆಡ್‌ಗೆ ಆಂಟಿ-ಸೀಜ್ (ಅಂಟಿಕೊಳ್ಳದಂತೆ ತಡೆಯುವ) ಪೇಸ್ಟ್ ತೆಳುವಾಗಿ ಹಚ್ಚಿ, ಅತಿಯಾಗಿ ಬಿಗಿಯದೆ ಮತ್ತೆ ಹಾಕಿಡುವುದು ಒಳ್ಳೆಯದು.